ಬೆರಕೆ ಸೊಪ್ಪು

ಮೈಸೂರು ಸೀಮೆಯ ಹೆಂಗಸರಿಗೆ ಬೆರಕೆ ಸೊಪ್ಪಿನ ಸಾರಿನ ರುಚಿಯನ್ನು ಯಾರೂ ಬಣ್ಣಿಸಿ ಹೇಳಬೇಕಾಗಿಲ್ಲ. ಅಣ್ಣೆ, ಗಣಿಕೆ, ಹೊನಗೊನ್ನೆ, ಗೋಣಿ, ಕನ್ನೆ, ಕಿರಕಸಾಲೆ ಎಲ್ಲ ಒಂದೊಂದು ಹಿಡಿ ಕೂಡಿದರೆ ಆಯಿತು, ಜೊತೆಗೆ ಬಿಸಿ ಮುದ್ದೆ ಇದ್ದರೆ ಇನ್ನೇನು ಬೇಕು? ಈ ಸೊಪ್ಪುಗಳನ್ನು ಯಾರೂ ಬಿತ್ತುವುದಿಲ್ಲ, ಗೊಬ್ಬರ ಹಾಕುವುದಿಲ್ಲ. ನಾಲ್ಕು ಮಳೆ ಬಿದ್ದರೆ ರಾಗಿ ಹೊಲದ ಸಾಲಿನಲ್ಲಿ, ಬದುವಿನ ಮೇಲೆ ತಾವಾಗಿ ಹುಟ್ಟಿಕೊಳ್ಳುತ್ತವೆ. ವ್ಯವಸಾಯದ ಲೆಕ್ಕದಲ್ಲಿ ಅವಕ್ಕೆ ಕಳೆ ಎಂದು ಹೆಸರು. ನಮ್ಮ ಒಲೆಯ ಮುಂದೆ ಬಂದ ಮೇಲೆ ಮಾತ್ರ ಅವು ಸೊಪ್ಪು.

ನಮ್ಮ ಸರಸ್ವತೀಪುರದ ಬೀದಿಗೆ ಜಯಪುರದ ಕಡೆಯಿಂದ ಒಬ್ಬ ಅಜ್ಜಿ ಮಂಕರಿ ಹೊತ್ತು ಬರುತ್ತಾರೆ. ಈಚೆಗೆ ಅವರ ಮಂಕರಿಯಲ್ಲಿ ದಂಟು, ಮೆಂತ್ಯ, ಸಬ್ಬಸಿಗೆ ಇರುತ್ತದೆಯೇ ಹೊರತು ಬೆರಕೆ ಸೊಪ್ಪು ಇರುವುದಿಲ್ಲ. ಒಂದು ದಿನ ಕೇಳಿಯೇಬಿಟ್ಟೆ.

"ಎಲ್ಲಿಂದ ತರಾನವ್ವ? ಹೊಲಕ್ಕೆಲ್ಲ ಹುಲ್ಲಿನ ಔಷ್ದಿ ಹೊಡೀತಾರೆ. ಔಷ್ದಿ ಬಿದ್ದ ಸೊಪ್ಪ ನಿಮ್ಮ ಮಕ್ಳಿಗೆ ಕೊಟ್ಟು ನಾನು ಪಾಪ ಕಟ್ಕಳ್ಳನಾ?" ಅಂದರು. ಮೊದಲು ಅವರು ಕಳೆ ಕೀಳಲು ಕೂಲಿಗೆ ಹೋಗುತ್ತಿದ್ದರಂತೆ. ಕೂಲಿಯೂ ಸಿಗುತ್ತಿತ್ತು, ಮಡಿಲು ತುಂಬ ಸೊಪ್ಪೂ ಸಿಗುತ್ತಿತ್ತು. ಈಗ ಎರಡೂ ಹೋಯಿತು.

ಇದನ್ನು ಹೆಗ್ಗಡದೇವನಕೋಟೆಯಲ್ಲಿ ಹತ್ತಿ ಬೆಳೆಯುವ ನನ್ನ ತಮ್ಮನಿಗೆ ಹೇಳಿದೆ. ಅವನಿಗೆ ರೇಗಿತು. "ಅಕ್ಕಾ, ಕೀಳೋಕೆ ಆಳು ಎಲ್ಲಿದಾರೆ? ಸಿಕ್ಕಿದರೂ ಕೂಲಿ ಕೊಟ್ಟು ನನಗೇನು ಉಳಿಯುತ್ತೆ? ನಿನಗೆ ಸಿಟಿಯಲ್ಲಿ ಕೂತು ಸೊಪ್ಪಿನ ಚಿಂತೆ" ಅಂದ. ಅವನ ಮಾತು ಸುಳ್ಳಲ್ಲ. ಬೆಳೆ ಮನೆಗೆ ಬಂದು ಸಾಲ ತೀರುವವರೆಗೆ ರೈತನಿಗೆ ನಿದ್ದೆಯಿಲ್ಲ. ಆದರೆ ಔಷಧಿಯ ಡಬ್ಬ ಹೊತ್ತು ಬಂದವನ ಅಂಗಿ, ಲುಂಗಿಗಳನ್ನು ಬರಿಗೈಯಲ್ಲಿ ಒಗೆಯುವವಳು ಅವನ ಹೆಂಡತಿ. ಅವಳ ಲೆಕ್ಕ ಯಾವ ಪುಸ್ತಕದಲ್ಲಿದೆ?

ಗ್ಲೈಫೋಸೇಟ್ ಎಂಬ ಕಳೆನಾಶಕದ ವಿಷಯವನ್ನೇ ನೋಡಿ. ವಿಶ್ವ ಆರೋಗ್ಯ ಸಂಸ್ಥೆಗೆ ಸೇರಿದ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2015ರಲ್ಲಿ ಅದನ್ನು ಮನುಷ್ಯರಿಗೆ ಕ್ಯಾನ್ಸರ್ ತರುವ ಸಂಭವವುಳ್ಳದ್ದು ಎಂಬ ಪಟ್ಟಿಗೆ ಸೇರಿಸಿತು. ಅಮೆರಿಕ, ಯೂರೋಪುಗಳ ನಿಯಂತ್ರಕರು ಆ ಮಾತನ್ನು ಒಪ್ಪಲಿಲ್ಲ. ದೊಡ್ಡವರ ನಡುವಿನ ಈ ತಕರಾರು ತೀರುವ ಮೊದಲೇ ನಮ್ಮ ಕೇಂದ್ರ ಸರ್ಕಾರ 2022ರ ಅಕ್ಟೋಬರಿನಲ್ಲಿ, ಕೀಟನಿಯಂತ್ರಣದ ಪರವಾನಗಿ ಇದ್ದವರು ಮಾತ್ರ ಅದನ್ನು ಬಳಸಬೇಕು ಎಂದು ಆದೇಶ ಹೊರಡಿಸಿತು. ನನ್ನ ತಮ್ಮನಿಗೆ ಇಂಥದೊಂದು ಆದೇಶ ಬಂದದ್ದೇ ಗೊತ್ತಿರಲಿಲ್ಲ.

ಇನ್ನು ಕುಲಾಂತರಿ ಬೆಳೆಯ ಮಾತು. ಇದರಲ್ಲಿ ಎರಡು ಬಗೆಯನ್ನು ನಾವು ಕಲಸಿಬಿಡುತ್ತೇವೆ. ಬಿಟಿ ಹತ್ತಿ ಒಂದು ಬಗೆ. ಮಣ್ಣಿನಲ್ಲಿರುವ ಒಂದು ಬ್ಯಾಕ್ಟೀರಿಯಾದ ಗುಣವನ್ನು ಗಿಡದೊಳಗೇ ಸೇರಿಸಿರುತ್ತಾರೆ, ಅದನ್ನು ತಿಂದ ಕಾಯಿಕೊರಕ ಹುಳು ಸಾಯುತ್ತದೆ. ಇನ್ನೊಂದು ಬಗೆ, ಕಳೆನಾಶಕ ಹೊಡೆದರೂ ಸಾಯದ ಬೆಳೆ. ಸುತ್ತಲಿನ ಹಸುರೆಲ್ಲ ಒಣಗಿ ಅದೊಂದೇ ನಿಲ್ಲುತ್ತದೆ. ನಮ್ಮ ಅಜ್ಜಿಯ ಮಂಕರಿಗೆ ನೇರವಾಗಿ ಕೈಹಾಕುವುದು ಈ ಎರಡನೆಯದು. ಅಂಥ ಹತ್ತಿಗೆ ನಮ್ಮ ದೇಶದಲ್ಲಿ ಅನುಮತಿ ಇಲ್ಲ. ಆದರೂ ಅದರ ಬೀಜ ಕಳ್ಳದಾರಿಯಲ್ಲಿ ಮಾರಾಟವಾದ ಸುದ್ದಿ ಆಗಾಗ ಪತ್ರಿಕೆಗಳಲ್ಲಿ ಬಂದಿದೆ.

ಬಿಟಿ ಹತ್ತಿಯ ಪ್ರಯೋಗ ನಡೆಯುತ್ತಿದ್ದಾಗ, 1998ರ ಕೊನೆಯಲ್ಲಿ, ಪ್ರೊ. ಎಂ.ಡಿ. ನಂಜುಂಡಸ್ವಾಮಿಯವರ ರೈತಸಂಘದವರು ರಾಯಚೂರು ಜಿಲ್ಲೆಯಲ್ಲಿ ಆ ಗಿಡಗಳನ್ನು ಕಿತ್ತು ಸುಟ್ಟರು. 2002ರಲ್ಲಿ ಅನುಮತಿ ಸಿಕ್ಕಿತು, ರೈತರೂ ಮುಗಿಬಿದ್ದು ಬೆಳೆದರು. ಮೊದಮೊದಲು ಹುಳುವಿನ ಔಷಧಿಯ ಖರ್ಚು ಇಳಿಯಿತು ಎಂದು ನನ್ನ ತಮ್ಮನೇ ಹೇಳುತ್ತಾನೆ. ಆಮೇಲೆ ಗುಜರಾತು, ಮಹಾರಾಷ್ಟ್ರಗಳಲ್ಲಿ ಗುಲಾಬಿ ಕಾಯಿಕೊರಕ ಆ ವಿಷಕ್ಕೇ ಒಗ್ಗಿಕೊಂಡಿತು. ಹುಳುವೂ ಬುದ್ಧಿವಂತ, ನಾವು ಒಂದು ಬಾಗಿಲು ಹಾಕಿದರೆ ಅದು ಇನ್ನೊಂದನ್ನು ತೆರೆಯುತ್ತದೆ.

ಹತ್ತಿಯನ್ನು ಉಡುತ್ತೇವೆ, ಬದನೆಯನ್ನು ತಿನ್ನುತ್ತೇವೆ. 2009ರಲ್ಲಿ ಬಿಟಿ ಬದನೆಗೆ ತಜ್ಞರ ಸಮಿತಿ ಒಪ್ಪಿಗೆ ಕೊಟ್ಟಾಗ ಅಡಿಗೆಮನೆಗೂ ಸುದ್ದಿ ಮುಟ್ಟಿತು. ಈರನಗೆರೆ ಬದನೆಯ ಹೆಸರು ಹೇಳಿಯೇ ಎಣ್ಣೆಗಾಯಿ ಮಾಡುವ ಊರು ನಮ್ಮದು, ಉಡುಪಿಯವರಿಗೆ ಮಟ್ಟುಗುಳ್ಳವೆಂದರೆ ಪ್ರಾಣ. ಪರಾಗ ಹಾರಿ ನಮ್ಮ ಬೀಜವೂ ಬೆರೆತುಹೋದರೆ ಏನು ಗತಿ ಎಂದು ಕೇಳಿದವರಲ್ಲಿ ಹೆಂಗಸರೂ ಇದ್ದರು. ಆಗಿನ ಸಚಿವ ಜೈರಾಂ ರಮೇಶ್ ಏಳು ಊರುಗಳಲ್ಲಿ ಜನರ ಅಹವಾಲು ಕೇಳಿದರು, ಕೊನೆಯದು ನಮ್ಮ ಬೆಂಗಳೂರಿನಲ್ಲಿ. 2010ರ ಫೆಬ್ರವರಿ 9ರಂದು ಬಿಟಿ ಬದನೆಗೆ ತಡೆ ಬಿತ್ತು. ಪಕ್ಕದ ಬಾಂಗ್ಲಾದೇಶ 2013ರಲ್ಲಿ ಅನುಮತಿ ಕೊಟ್ಟಿತು, ಅಲ್ಲಿ ಅದನ್ನು ಬೆಳೆಯುತ್ತಾರೆ.

ಈಗ ಸರದಿ ಒಗ್ಗರಣೆಯ ಸಾಸಿವೆಯದು. 2022ರಲ್ಲಿ ಕುಲಾಂತರಿ ಸಾಸಿವೆಗೆ ಒಪ್ಪಿಗೆ ಸಿಕ್ಕಿತು, ಅದರಲ್ಲಿ ಕಳೆನಾಶಕ ತಡೆಯುವ ಗುಣವೂ ಇದೆ. 2024ರ ಜುಲೈನಲ್ಲಿ ಸುಪ್ರೀಂ ಕೋರ್ಟಿನ ಇಬ್ಬರು ನ್ಯಾಯಾಧೀಶರು ಎರಡು ಬೇರೆ ಬೇರೆ ತೀರ್ಪು ಕೊಟ್ಟರು. ಅಷ್ಟು ಕಲಿತವರೇ ಒಮ್ಮತಕ್ಕೆ ಬರಲಾಗದ ವಿಷಯದಲ್ಲಿ ನಾವು ಸಾಧಾರಣ ಗೃಹಿಣಿಯರು ನಿಧಾನವಾಗಲಿ ಎಂದರೆ ಅದು ವಿಜ್ಞಾನದ ಮೇಲಿನ ಹಗೆಯಲ್ಲ. ಹೊಸ ಸೊಸೆ ಮನೆಗೆ ಬರುವಾಗಲೂ ನಾಲ್ಕು ಕಡೆ ವಿಚಾರಿಸುತ್ತೇವಲ್ಲ!

ತಮ್ಮನ ಜೊತೆ ವಾದ ಮಾಡಿ ಗೆಲ್ಲುವ ಹಟ ನನಗಿಲ್ಲ. ಅವನ ಹೆಂಡತಿಗೆ ರಬ್ಬರಿನ ಕೈಚೀಲ ಒಂದು ಜೊತೆ ಕೊಂಡುಕೊಟ್ಟೆ, ಔಷಧಿ ಬಟ್ಟೆಗೆ ಬೇರೆ ಬಕೆಟ್ ಇಡು ಅಂದೆ. ಅವಳು ನಕ್ಕು, "ಅತ್ತಿಗೆ, ಬಟ್ಟೆ ಅವರೇ ಒಗೆದುಕೊಳ್ಳಲಿ, ಆಗ ಗೊತ್ತಾಗುತ್ತೆ" ಅಂದಳು. ತಮ್ಮನೂ ಕೇಳಿಸಿಕೊಂಡ. ಸ್ವಲ್ಪ ಹೊತ್ತು ಸುಮ್ಮನಿದ್ದು, ಬಾವಿ ಪಕ್ಕದ ಬದುವಿಗೂ ಅದರ ಕೆಳಗಿನ ರಾಗಿ ತುಂಡಿಗೂ ಈ ವರ್ಷ ಔಷಧಿ ಹೊಡೆಯುವುದಿಲ್ಲ ಎಂದ. ಹತ್ತಿಯ ಹೊಲದ ಬಗ್ಗೆ ಏನೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಆ ತುಂಡಿನಲ್ಲಿ ಕಳೆ ಕೀಳಲು ಅವನ ಹೆಂಡತಿ ಆಗಲೇ ಊರಿನ ಇಬ್ಬರು ಹೆಂಗಸರಿಗೆ ಹೇಳಿಟ್ಟಿದ್ದಾಳೆ. ಕೂಲಿಯ ಜೊತೆ ಸೊಪ್ಪೂ ಅವರದೇ ಎಂದು ಮಾತಾಗಿದೆ.