ಎರಡು ಸಾಲಿನ ಲೆಕ್ಕ

ದೇವನಹಳ್ಳಿ ತಾಲ್ಲೂಕಿನ ಸರ್ಕಾರಿ ಪ್ರೌಢಶಾಲೆಯೊಂದರಲ್ಲಿ ಹತ್ತನೇ ತರಗತಿಯ ಕೊನೆಯ ಬೆಂಚಿನಲ್ಲಿ ಕೂತಿದ್ದೀರಿ. ವಿಮಾನವೊಂದು ತಲೆಯ ಮೇಲೇ ಹಾದುಹೋಗುತ್ತಿದೆ. ಸದ್ದು ಇಳಿಯುತ್ತಲೇ ಮೇಷ್ಟ್ರು ಕಪ್ಪುಹಲಗೆಯ ಮೇಲೆ ಬರೆಯುತ್ತಾರೆ:

ಒಂಬತ್ತು ಮಾದಲ, ಏಳು ಬೇಲದ ಹಣ್ಣಿನ ಒಟ್ಟು ಬೆಲೆ 107. ಏಳು ಮಾದಲ, ಒಂಬತ್ತು ಬೇಲಕ್ಕೆ 101. ಒಂದೊಂದಕ್ಕೆ ಎಷ್ಟು?

"ಮಾದಲ ಅಂದ್ರೇನು ಸಾರ್?"

"ನಮ್ಮೂರ ಚಕ್ಕೋತದ ಬಳಗ ಕಣಮ್ಮ. ಸಿಪ್ಪೆ ದಪ್ಪ, ರಸ ಹುಳಿ."

ಚಕ್ಕೋತ ಎಂದ ಕೂಡಲೇ ಮಕ್ಕಳ ಮುಖ ಅರಳುತ್ತದೆ. ಹುಡುಗನೊಬ್ಬ ಎದ್ದು ಬಂದು ಬರೆಯುತ್ತಾನೆ: 9ಮಾ + 7ಬೇ = 107.

"ಮಾ ಅಂದ್ರೆ ಏನಪ್ಪಾ?"

"ಮಾದಲ, ಸಾರ್."

"ಹಣ್ಣಾ, ಬೆಲೆಯಾ?"

ತರಗತಿ ಗಪ್‌ಚುಪ್. ಹುಡುಗ ಹಲಗೆಯನ್ನೇ ದಿಟ್ಟಿಸುತ್ತಾನೆ. "ಒಂದು ಮಾದಲದ ಬೆಲೆ, ಸಾರ್."

ವಾಕ್ಯರೂಪದ ಲೆಕ್ಕದಲ್ಲಿ ಮಕ್ಕಳು ಎಡವುವುದು ಇಲ್ಲೇ. ಅಕ್ಷರ ನಿಲ್ಲುವುದು ವಸ್ತುವಿಗಲ್ಲ, ನಮಗೆ ಗೊತ್ತಿಲ್ಲದ ಸಂಖ್ಯೆಗೆ. ಅದು ತಿಳಿದರೆ ಉಳಿದದ್ದು ಗುಣಾಕಾರ, ವ್ಯವಕಲನ ಅಷ್ಟೇ.

ಮೊದಲ ಸಾಲನ್ನು ಒಂಬತ್ತರಿಂದ ಗುಣಿಸುತ್ತಾರೆ: 81ಮಾ + 63ಬೇ = 963. ಎರಡನೆಯದನ್ನು ಏಳರಿಂದ: 49ಮಾ + 63ಬೇ = 707. ಕಳೆದಾಗ ಬೇಲ ಹೊರಟುಹೋಗುತ್ತದೆ; 32ಮಾ = 256. ಮಾದಲಕ್ಕೆ 8, ಬೇಲಕ್ಕೆ 5.

ಕಿಟಕಿ ಪಕ್ಕದ ಹುಡುಗಿ ಕೈಯೆತ್ತುತ್ತಾಳೆ. "ಸಾರ್, ಎರಡೂ ಸಾಲು ಕೂಡಿದ್ರೆ ಹದಿನಾರು ಮಾದಲ, ಹದಿನಾರು ಬೇಲಕ್ಕೆ 208. ಅಂದ್ರೆ ಒಂದು ಜೋಡಿಗೆ 13. ಕಳೆದ್ರೆ ಎರಡು ಮಾದಲ ಎರಡು ಬೇಲಕ್ಕಿಂತ 6 ಜಾಸ್ತಿ. ಒಂದಕ್ಕೆ 3 ಜಾಸ್ತಿ!" ಅದೇ 8, ಅದೇ 5. ಮೇಷ್ಟ್ರು ಸೀಮೆಸುಣ್ಣವನ್ನು ಅವಳ ಕೈಗೇ ಕೊಡುತ್ತಾರೆ.

ಆಮೇಲೆ ಲೆಕ್ಕದ ಮೂಲ ಹೇಳುತ್ತಾರೆ. ರಾಷ್ಟ್ರಕೂಟರ ಅಮೋಘವರ್ಷ ನೃಪತುಂಗನ ಕಾಲದಲ್ಲಿ, ಕ್ರಿ.ಶ. 850ರ ಸುಮಾರಿಗೆ, ಮಹಾವೀರಾಚಾರ್ಯರು ಸಂಸ್ಕೃತದಲ್ಲಿ ಬರೆದ 'ಗಣಿತಸಾರಸಂಗ್ರಹ'ದ ಲೆಕ್ಕವಿದು. ಅವರ ಸೂತ್ರ: ದೊಡ್ಡ ಬೆಲೆಯನ್ನು ದೊಡ್ಡ ಸಂಖ್ಯೆಯಿಂದ, ಚಿಕ್ಕ ಬೆಲೆಯನ್ನು ಚಿಕ್ಕ ಸಂಖ್ಯೆಯಿಂದ ಗುಣಿಸು, ಅವುಗಳ ವ್ಯತ್ಯಾಸವನ್ನು ಆ ಎರಡು ಸಂಖ್ಯೆಗಳ ವರ್ಗಗಳ ವ್ಯತ್ಯಾಸದಿಂದ ಭಾಗಿಸು. 963ರಲ್ಲಿ 707 ಕಳೆದು 32ರಿಂದ ಭಾಗಿಸಿದ್ದು ಅದೇ. ಪಠ್ಯಪುಸ್ತಕ ಇಂದು ವರ್ಜಿಸುವ ವಿಧಾನ ಎನ್ನುವ ದಾರಿಯೂ ಅದೇ.

ಮನೆಯಲ್ಲಿ ಹತ್ತನೇ ತರಗತಿಯ ಮಕ್ಕಳಿದ್ದರೆ, ಲೆಕ್ಕ ಬಿಡಿಸುವ ಮೊದಲು ಅದನ್ನು ತಮ್ಮ ಮಾತಿನಲ್ಲೇ ಹೇಳಲು ಬಿಡಿ. ಏನು ಗೊತ್ತಿದೆ, ಏನು ಗೊತ್ತಿಲ್ಲ ಎಂದು ಬಾಯಿಬಿಟ್ಟು ಹೇಳಬಲ್ಲ ಮಗು ಸಮೀಕರಣವನ್ನೂ ಬರೆಯಬಲ್ಲದು.