ಕಲ್ಲಿನೊಳಗಣ ಕಾವಲು

ಛಂದಸ್ಸು, ವ್ಯಾಕರಣಗಳ ಪಾಠದಲ್ಲಿಯೇ ಆಯುಷ್ಯವನ್ನು ಸವೆಸಿದ ಕನ್ನಡ ಪಂಡಿತನು ರಸಾಯನಶಾಸ್ತ್ರದ ವಿಷಯವನ್ನು ಕೈಗೆತ್ತಿಕೊಂಡುದು ಕೆಲವರಿಗೆ ಸೋಜಿಗವೆನಿಸಬಹುದು. ಆದರೆ ಪದದ ಬೆನ್ನು ಹತ್ತಿದವನಿಗೆ ಯಾವ ಶಾಸ್ತ್ರವೂ ಪರಕೀಯವಲ್ಲ. ‘ಜಿಯೋಲೈಟ್’ ಎಂಬುದು ಗ್ರೀಕ್ ಮೂಲದ ಪದ. ‘ಕುದಿಯುವ ಕಲ್ಲು’ ಎಂದು ಅದರ ಅರ್ಥ. ಕಾಯಿಸಿದಾಗ ಒಳಗಿನ ನೀರನ್ನು ಆವಿಯಾಗಿ ಹೊರಚೆಲ್ಲಿ ನೊರೆಯೇಳುವ ಖನಿಜವನ್ನು ಕಂಡು ಸ್ವೀಡನ್ನಿನ ಕ್ರೋನ್‌ಸ್ಟೆಟ್ 1756ರಲ್ಲಿ ಈ ಹೆಸರನ್ನಿಟ್ಟನು. ದಖ್ಖನಿನ ಕಪ್ಪು ಶಿಲೆಯ ಪೊಟರೆಗಳಲ್ಲಿಯೂ ಇಂಥ ಹರಳುಗಳು ದೊರೆಯುತ್ತವೆ.

ಸಿಲಿಕಾನ್ ಅಥವಾ ಅಲ್ಯೂಮಿನಿಯಂ ಪರಮಾಣುವಿನ ಸುತ್ತ ನಾಲ್ಕು ಆಕ್ಸಿಜನ್ ಪರಮಾಣುಗಳು ನಿಂತು, ಅಂತಹ ಚತುಷ್ಫಲಕಗಳು ಮೂಲೆಗೆ ಮೂಲೆ ಕೂಡಿ ಕಟ್ಟಿದ ಜಾಲವೇ ಜಿಯೋಲೈಟ್. ಅದರ ಕಿಂಡಿಗಳು ಸಾಮಾನ್ಯವಾಗಿ ಮಿಲಿಮೀಟರಿನ 10 ಲಕ್ಷದಲ್ಲಿ ಒಂದು ಪಾಲಿಗಿಂತಲೂ ಕಿರಿದು. ನಮ್ಮ ಶ್ರೀಗಂಧದ ಕಾವಲ್ ಎಂಬ ಹೆಸರಿನಲ್ಲಿರುವ ‘ಕಾವಲ್’ ಶಬ್ದವು ‘ಕಾ’ ಧಾತುವಿನಿಂದ ಹುಟ್ಟಿದುದು. ಕಾದಿರಿಸಿದ ಹುಲ್ಲುಗಾವಲು ಎಂದರ್ಥ. ಜಿಯೋಲೈಟಿನ ಕಿಂಡಿಯೂ ಒಂದು ಕಾವಲೇ. ಗಾತ್ರಕ್ಕೆ ಹೊಂದುವ ಅಣುವನ್ನು ಒಳಬಿಟ್ಟು ಮಿಕ್ಕುದನ್ನು ಅದು ತಡೆಯುತ್ತದೆ. ಒಳಹೊಕ್ಕ ಅಣು ಅಲ್ಲಿನ ಆಮ್ಲೀಯ ನೆಲೆಗಳಲ್ಲಿ ಬೇರೊಂದಾಗಿ ಮಾರ್ಪಡುತ್ತದೆ. ಭಾರವಾದ ಕಚ್ಚಾ ತೈಲದ ಅಂಶವನ್ನು ಪೆಟ್ರೋಲಾಗಿಸುವ ಕ್ರಿಯಾವರ್ಧಕವಾಗಿ ಇದು ಬಳಕೆಯಾಗುತ್ತಿರುವುದು ಈ ಗುಣದಿಂದ.

ಕ್ಷ-ಕಿರಣ ವಿಧಾನವು ಹರಳಿನ ಅಸಂಖ್ಯ ಕೋಶಗಳ ಸರಾಸರಿ ಚಿತ್ರವನ್ನು ಕೊಡುತ್ತದೆ. ಎಲ್ಲೋ ಒಂದೆಡೆ ಸಾಲು ತಪ್ಪಿದ್ದರೆ ಆ ತಪ್ಪು ಅದರಲ್ಲಿ ಮರೆಯಾಗುತ್ತದೆ. ಇಲೆಕ್ಟ್ರಾನ್ ಸೂಕ್ಷ್ಮದರ್ಶಕವಾದರೋ ಆ ಎಡೆಯನ್ನೇ ತೋರಿಸಬಲ್ಲುದು. ಇಲೆಕ್ಟ್ರಾನುಗಳ ಪೆಟ್ಟಿಗೆ ಜಿಯೋಲೈಟ್ ಬೇಗನೆ ಕೆಡುವುದರಿಂದ ಕೆಲಸ ಸುಲಭವಾಗಿರಲಿಲ್ಲ. ಆದರೂ 1980ರಲ್ಲಿ ವೇಲ್ಸ್ ಮೂಲದ ಜಾನ್ ಮ್ಯೂರಿಗ್ ಥಾಮಸ್ ಮತ್ತು ಸಂಗಡಿಗರು ಇಂಥ ಚಿತ್ರಗಳನ್ನು ಪ್ರಕಟಿಸಿದರು. 1982ರಲ್ಲಿ ಥಾಮಸ್ ಮತ್ತು ಮಿಲ್‌ವರ್ಡ್, ಝಡ್‌ಎಸ್‌ಎಂ-5 ಎಂಬ ಹರಳಿನಲ್ಲಿ ಝಡ್‌ಎಸ್‌ಎಂ-11ರ ಪದರಗಳು ಹೆಣೆದುಕೊಂಡಿರುವುದನ್ನು ಪ್ರತ್ಯಕ್ಷವಾಗಿ ಕಂಡರು. ಇಂಥ ಹೆಣಿಗೆಯ ರಚನೆಗಳನ್ನು ಕುರಿತು 1985ರಲ್ಲಿ ಥಾಮಸರೊಡನೆ ಲೇಖನ ಬರೆದವರು ನಮ್ಮ ಬೆಂಗಳೂರಿನ ಸಿ. ಎನ್. ಆರ್. ರಾವ್ ಅವರು.

ಇದನ್ನು ತಿಳಿದಂದಿನಿಂದ ನನ್ನ ಮನಸ್ಸು ತರಗತಿಯತ್ತ ಹೊರಳಿತು. ವಾರ್ಷಿಕ ಫಲಿತಾಂಶವೂ ಒಂದು ಸರಾಸರಿಯೇ. ಈ ವರ್ಷ ದಿನಕ್ಕೆ ಮೂವರಂತೆ ಮಕ್ಕಳನ್ನು ಬಳಿಗೆ ಕರೆದು ಒಬ್ಬೊಬ್ಬರನ್ನೇ ಓದಿಸತೊಡಗಿದೆ. ಮಂದಮತಿಯೆಂದು ಹೆಸರಾಗಿದ್ದ ಬಾಲಕನೊಬ್ಬನಿಗೆ ಹಲಗೆಯ ಮೇಲಿನ ಒತ್ತಕ್ಷರಗಳೇ ಕಾಣುತ್ತಿರಲಿಲ್ಲವೆಂಬುದು ಆಗ ತಿಳಿಯಿತು. ಹಳೆಯ ವಿದ್ಯಾರ್ಥಿಯೊಬ್ಬರು ಕನ್ನಡಕ ಕೊಡಿಸಿದರು. ಈಗ ಅವನು ಷಟ್ಪದಿಯನ್ನು ತಡವರಿಸದೆ ಓದುತ್ತಾನೆ. ಅಂಥವರು ಇನ್ನೆಷ್ಟು ಮಂದಿ ಇರುವರೋ! ಸಹೋದ್ಯೋಗಿಗಳು ಹುಡುಕಿಕೊಡಲಿ, ದಾನಿಗಳು ಕೈಜೋಡಿಸಲಿ.