ಫ್ಯಾನಿನ ಧೂಳು, ಹಂಡೆಯ ತಾಮ್ರ

ಹಬ್ಬ ಹತ್ತಿರ ಬಂತೆಂದರೆ ಮನೆಯಲ್ಲಿ ನನಗೊಂದು ಕಾಯಂ ಕೆಲಸ ಬೀಳುತ್ತದೆ: ಸ್ಟೂಲು ಹತ್ತಿ ಸೀಲಿಂಗ್ ಫ್ಯಾನಿನ ರೆಕ್ಕೆ ಒರೆಸುವುದು. ಕೆಳಗೆ ಸ್ಟೂಲು ಹಿಡಿದು ನಿಂತವರಿಗೆ ಸಲಹೆ ಕೊಡುವ ಹಕ್ಕು, ಮೇಲೆ ನಿಂತವನಿಗೆ ಧೂಳು ಕುಡಿಯುವ ಹಕ್ಕು. ಒರೆಸುತ್ತ ಒರೆಸುತ್ತ ಪ್ರತಿಸಲವೂ ನನಗೆ ಅನಿಸುವುದು ಒಂದೇ. ವರ್ಷವಿಡೀ ಗಿರಗಿರ ತಿರುಗಿದ ರೆಕ್ಕೆ ಇದು. ಜೋರಾಗಿ ಹಾಕಿದಾಗ ಇದರ ತುದಿ ಗಂಟೆಗೆ 70-80 ಕಿಲೋಮೀಟರ್ ವೇಗದಲ್ಲಿ ಗಾಳಿಯನ್ನು ಸೀಳುತ್ತಿರುತ್ತದೆ. ಅಷ್ಟು ಗಾಳಿ ಬೀಸುವ ಜಾಗದಲ್ಲಿ ಇಷ್ಟು ನುಣ್ಣನೆಯ ಧೂಳು ಕೂತದ್ದು ಹೇಗೆ? ಹಾರಿಹೋಗಬೇಕಿತ್ತಲ್ಲ?

ಹೋಗುವುದಿಲ್ಲ. ಏಕೆಂದರೆ ರೆಕ್ಕೆಯ ಮೈಗೆ ತಾಗಿಕೊಂಡಿರುವ ಗಾಳಿ ರೆಕ್ಕೆಯ ಜೊತೆಗೇ ತಿರುಗುತ್ತಿರುತ್ತದೆ. ಧೂಳಿನ ಕಣದ ಮಟ್ಟಿಗೆ ಅಲ್ಲಿ ಗಾಳಿಯೇ ಇಲ್ಲ, ಬರೀ ನಿಶ್ಶಬ್ದ. ಕೂದಲೆಳೆಯಷ್ಟು ಮೇಲೆ ಹೋದರೆ ಸ್ವಲ್ಪ ಗಾಳಿ, ಇನ್ನೂ ಮೇಲೆ ಹೋದರೆ ಬಿರುಗಾಳಿ. ನೀರಾಗಲಿ, ಎಣ್ಣೆಯಾಗಲಿ, ಗಾಳಿಯಾಗಲಿ, ಹರಿಯುವ ಯಾವುದೇ ವಸ್ತು ಗೋಡೆ ಸಿಕ್ಕ ಕಡೆ ಅದಕ್ಕೆ ಅಂಟಿಕೊಂಡೇ ಇರುತ್ತದೆ. ಈ ಅಂಟು ಪದರಕ್ಕೆ ಲೆಕ್ಕಾಚಾರದಲ್ಲಿ ಒಂದು ಸ್ಥಾನ ಕೊಟ್ಟವನು ಲುಡ್ವಿಗ್ ಪ್ರಾಂಟ್ಲ್ ಎಂಬ ಜರ್ಮನ್ ಪ್ರಾಧ್ಯಾಪಕ. 1904ರ ಆಗಸ್ಟಿನಲ್ಲಿ ಹೈಡೆಲ್‌ಬರ್ಗಿನಲ್ಲಿ ಗಣಿತಜ್ಞರ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಪ್ರಾಂಟ್ಲ್‌ಗೆ ಆಗ 29 ವರ್ಷ, ಮಾತಾಡಲು ಸಿಕ್ಕಿದ್ದು ಹತ್ತು ನಿಮಿಷ. ಆ ಹತ್ತು ನಿಮಿಷದ ಮೇಲೆ ಇವತ್ತಿನ ವಿಮಾನ, ಟರ್ಬೈನು, ರೇಡಿಯೇಟರುಗಳೆಲ್ಲ ನಿಂತಿವೆ. ನಮ್ಮ ಸಭೆಗಳಲ್ಲಿ ಹತ್ತು ನಿಮಿಷಕ್ಕೆ ವೇದಿಕೆ ಮೇಲಿನ ಗಣ್ಯರ ಹೆಸರುಗಳೇ ಮುಗಿದಿರುವುದಿಲ್ಲ.

ಧೂಳಿನ ವಿಷಯ ಹಾಗಿರಲಿ. ನನಗೆ ಈ ಪದರದ ಮೇಲೆ ನಿಜವಾದ ಆಸಕ್ತಿ ಹುಟ್ಟಿದ್ದು ಬಚ್ಚಲುಮನೆಯಿಂದ. ಮಲೆನಾಡಿನಲ್ಲಿ ನಮ್ಮ ದೊಡ್ಡಪ್ಪನ ಮನೆಯಲ್ಲಿ ಬಚ್ಚಲೊಲೆಯ ಮೇಲೆ ಕೂರಿಸಿದ ಒಂದು ತಾಮ್ರದ ಹಂಡೆ ಇತ್ತು. ಅಡಿಕೆ ಸೋಗೆ, ತೆಂಗಿನ ಮಟ್ಟೆ, ಕರಟ, ಮಳೆಗಾಲದಲ್ಲಾದರೆ ಅರ್ಧ ಒದ್ದೆಯಾದ ಕಟ್ಟಿಗೆ, ಎಲ್ಲವೂ ಆ ಒಲೆಗೆ ಆಹಾರ. ದೀಪಾವಳಿಯ ನೀರು ತುಂಬುವ ಹಬ್ಬಕ್ಕೆ ಹಂಡೆಯನ್ನು ಹುಣಸೆಹಣ್ಣು ಹಾಕಿ ಫಳಫಳ ತಿಕ್ಕಿ, ಕೊರಳಿಗೆ ಹೂವು ಕಟ್ಟಿ, ಪೂಜೆ ಮಾಡಿ ನೀರು ತುಂಬುತ್ತಿದ್ದರು. ಪಕ್ಕದ ಮನೆಯವರು ಸ್ಟೀಲಿನ ಹಂಡೆ ತಂದ ದಿನ ದೊಡ್ಡಪ್ಪ ಕನಿಕರದಿಂದ ನಕ್ಕಿದ್ದರು. "ಸ್ಟೀಲಿಗೆ ಎಲ್ಲಿಯ ಕಾವು ಮಾರಾಯ? ತಾಮ್ರ ಬೆಂಕಿ ಕಂಡ ಕೂಡಲೇ ನೀರಿಗೆ ಹೇಳಿಬಿಡ್ತದೆ. ಆ ನೀರಿನ ರುಚಿಯೇ ಬೇರೆ." ಸ್ನಾನದ ನೀರಿಗೆ ರುಚಿ ಯಾವುದು ಎಂದು ಕೇಳುವ ಧೈರ್ಯ ನಮ್ಮಲ್ಲಿ ಯಾರಿಗೂ ಇರಲಿಲ್ಲ.

ಪುಸ್ತಕದ ಪ್ರಕಾರ ದೊಡ್ಡಪ್ಪನ ಮಾತು ಸರಿ. ಶಾಖ ದಾಟಿಸುವ ಶಕ್ತಿಯಲ್ಲಿ ತಾಮ್ರಕ್ಕೆ ಸುಮಾರು 400 ಅಂಕ, ಸ್ಟೇನ್‌ಲೆಸ್ ಸ್ಟೀಲಿಗೆ 15ರ ಆಸುಪಾಸು. ಎಲ್ಲಿಯ 400, ಎಲ್ಲಿಯ 15! ಆದರೆ ಅದೇ ಪಟ್ಟಿಯನ್ನು ಇನ್ನಷ್ಟು ಕೆಳಗೆ ಓದಬೇಕು. ನಿಂತ ನೀರಿಗೆ 0.6. ನಿಂತ ಗಾಳಿಗೆ 0.026. ಅಂದರೆ ಒಂದು ಮಿಲಿಮೀಟರ್ ದಪ್ಪದ ನಿಶ್ಚಲ ಗಾಳಿ ಶಾಖಕ್ಕೆ ಒಡ್ಡುವ ತಡೆ, 15 ಮೀಟರ್ ದಪ್ಪದ ತಾಮ್ರ ಒಡ್ಡುವ ತಡೆಗೆ ಸಮ. ಸ್ಟೀಲಿನ ಲೆಕ್ಕದಲ್ಲಾದರೆ ಅರ್ಧ ಮೀಟರಿಗೂ ಹೆಚ್ಚು. ಹಂಡೆಯ ತಳದ ದಪ್ಪವೋ, ಹೆಚ್ಚೆಂದರೆ ಎರಡು ಮಿಲಿಮೀಟರ್. ಒಲೆಯ ಬಿಸಿಗಾಳಿ ಹಂಡೆಯ ತಳಕ್ಕೆ ಬಂದು ತಾಗುವಲ್ಲಿ ನಮ್ಮ ಫ್ಯಾನಿನ ಮೇಲಿನಂಥದ್ದೇ ಒಂದು ಸೋಮಾರಿ ಪದರ ಅಂಟಿ ಕೂತಿರುತ್ತದೆ. ಶಾಖ ತಿಣುಕುವುದೆಲ್ಲ ಅದನ್ನು ದಾಟುವುದಕ್ಕೆ. ಅದನ್ನು ದಾಟಿ ಬಂದ ಮೇಲೆ ಎದುರಿಗಿರುವುದು ತಾಮ್ರವೋ ಸ್ಟೀಲೋ ಎಂದು ಶಾಖ ಕೇಳುವುದೇ ಇಲ್ಲ. ಬಿಎಂಟಿಸಿ ಬಸ್ಸಿನ ಬಾಗಿಲಲ್ಲೇ ಜೋತುಬಿದ್ದವರು ಒಳಗೆ ಸರಿಯದಿದ್ದರೆ ಬಸ್ಸಿನೊಳಗೆ ಎಷ್ಟು ಸೀಟು ಖಾಲಿ ಇದ್ದೇನು, ಹತ್ತುವವರು ಸ್ಟಾಪಿನಲ್ಲೇ ನಿಲ್ಲಬೇಕಲ್ಲ, ಹಾಗೆ.

ತಾಮ್ರವನ್ನು ಪೂರ್ತಿ ಅಲ್ಲಗಳೆಯುವುದೂ ನ್ಯಾಯವಲ್ಲ. ದೋಸೆ ಕಾವಲಿಯಲ್ಲಿ ಶಾಖ ಅಡ್ಡಡ್ಡ ಹರಡಬೇಕು. ಉರಿ ನಡುವೆ, ದೋಸೆ ಅಂಚಿನವರೆಗೆ. ಅಲ್ಲಿ ಲೋಹದ ಗುಣ ಮುಖ್ಯ. ತೆಳು ಸ್ಟೀಲಿನ ಪಾತ್ರೆಯಲ್ಲಿ ಹಾಲು ನಡುಮಧ್ಯೆ ಗುಂಡಗೆ ತಳ ಹಿಡಿಯುವುದಕ್ಕೂ ಅದೇ ಕಾರಣ. ಆದರೆ ನೀರು ಕಾಯಿಸುವ ಹಂಡೆಗೆ ತಾಮ್ರ ಬೇಕೆನ್ನುವುದು ಬಾಳಿಕೆಯ ಮಾತು, ಅಂದದ ಮಾತು, ಸಂಪ್ರದಾಯದ ಮಾತು. ಇದನ್ನೆಲ್ಲ ಓದಿ ಬಂದು ದೊಡ್ಡಪ್ಪನ ಎದುರು ಒಮ್ಮೆ ಲೆಕ್ಕ ಸಮೇತ ಮಂಡಿಸಿದೆ. ಪೂರ್ತಿ ಕೇಳಿಸಿಕೊಂಡು, "ಓದಿದ್ದು ನಿನ್ನ ಹತ್ರ ಇಟ್ಕೊ, ಹೋಗಿ ಒಲೆಗೆ ಎರಡು ಕರಟ ಹಾಕು" ಎಂದರು.

ಒಲೆಯ ಮಾತು ಬಂದದ್ದರಿಂದ ಒಂದು ನೆನಪು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ, ಅಂದರೆ ಹಳಬರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ, 1974ರಲ್ಲಿ ಅಮೂಲ್ಯ ರೆಡ್ಡಿಯವರು ಹಳ್ಳಿಗಳಿಗಾಗಿ ವಿಜ್ಞಾನ ಎಂದು 'ಅಸ್ತ್ರ' ಎಂಬ ವಿಭಾಗ ಕಟ್ಟಿದರು. ಅಲ್ಲಿಂದ ಬಂದದ್ದೇ ಮೂರು ಪಾತ್ರೆಗಳ ಅಸ್ತ್ರ ಒಲೆ. ಮೂರು ಕಲ್ಲಿನ ಹಳೆಯ ಒಲೆಯಲ್ಲಿ ಕಟ್ಟಿಗೆಯ ಶಾಖದಲ್ಲಿ ಪಾತ್ರೆಗೆ ಸಿಗುತ್ತಿದ್ದುದು ಹತ್ತರಲ್ಲಿ ಒಂದು ಪಾಲು ಅಂದುಕೊಳ್ಳಿ. ಅಸ್ತ್ರ ಒಲೆಯಲ್ಲಿ ಪ್ರಯೋಗಾಲಯದ ಮಟ್ಟಿಗೆ ಅದು ಶೇಕಡಾ 40ರ ಸುತ್ತಮುತ್ತ ಹೋಯಿತು. ಆ ಒಲೆಯಲ್ಲಿ ಹೊಸ ಲೋಹವೇನೂ ಇರಲಿಲ್ಲ, ಇದ್ದದ್ದು ಮಣ್ಣೇ. ಬಿಸಿಗಾಳಿ ಅಡ್ಡಾದಿಡ್ಡಿ ಓಡಿಹೋಗದಂತೆ ದಾರಿ ಕಟ್ಟಿ, ಮೊದಲ ಪಾತ್ರೆಯ ತಳ ಸವರಿದ ಮೇಲೆ ಎರಡನೆಯದಕ್ಕೆ, ಮೂರನೆಯದಕ್ಕೆ ಸವರಿಸಿ, ಆಮೇಲೆ ಚಿಮಣಿಗೆ ಬಿಟ್ಟರು. ಗಾಳಿಯ ದಾರಿಯನ್ನು ತಿದ್ದಿದ್ದಕ್ಕೆ ಕಟ್ಟಿಗೆ ಉಳಿಯಿತು, ಅಡುಗೆಮನೆಯ ಹೊಗೆಯೂ ಹೊರಗೆ ಹೋಯಿತು. ಹಂಡೆಗೆ ತಾಮ್ರ ಹುಡುಕುತ್ತಿದ್ದ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಉತ್ತರ ಬೇಕಿಲ್ಲ.

ಈ ಪದರವನ್ನು ಓಡಿಸುವ ಬಗೆ ಯಾವುದು? ಅದಕ್ಕೆ ಹರಿವು ಕದಡಬೇಕು. ಹರಿವು ಯಾವಾಗ ಕದಡುತ್ತದೆ ಎಂದು ಕಣ್ಣಿಗೆ ಕಾಣಿಸಿಕೊಟ್ಟವನು ಮ್ಯಾಂಚೆಸ್ಟರಿನ ಆಸ್ಬರ್ನ್ ರೆನಾಲ್ಡ್ಸ್, 1883ರಲ್ಲಿ. ನೀರಿನ ತೊಟ್ಟಿಯೊಳಗೆ ಒಂದು ಉದ್ದನೆಯ ಗಾಜಿನ ಕೊಳವೆ ಇಟ್ಟು, ಅದರ ಬಾಯಲ್ಲಿ ಬಣ್ಣದ ಸಣ್ಣ ಎಳೆಯೊಂದನ್ನು ಬಿಟ್ಟ. ನೀರು ನಿಧಾನ ಹರಿಯುವಾಗ ಬಣ್ಣದ ಎಳೆ ಗೆರೆ ಎಳೆದಂತೆ ನೆಟ್ಟಗೆ. ವೇಗ ಹೆಚ್ಚಿಸುತ್ತ ಹೋದರೆ ಒಂದು ಹಂತದಲ್ಲಿ ಎಳೆ ಇದ್ದಕ್ಕಿದ್ದಂತೆ ಒಡೆದು ಕೊಳವೆಯ ತುಂಬ ಬಣ್ಣ. ವಿದ್ಯುತ್ ಕಿಡಿಯ ಬೆಳಕಿನಲ್ಲಿ ನೋಡಿದರೆ ಆ ಬಣ್ಣದ ತುಂಬ ಸುರುಳಿಗಳು. ವೇಗ, ಕೊಳವೆಯ ಅಗಲ, ದ್ರವದ ಸಾಂದ್ರತೆ, ಮಂದತನ, ಇವಿಷ್ಟನ್ನೂ ಸೇರಿಸಿ ಮಾಡಿದ ಒಂದು ಸಂಖ್ಯೆ 2,000 ದಾಟಿದ ಮೇಲೆ ಈ ಗಲಾಟೆ ಶುರುವಾಗಬಹುದು. ಮನೆಯ ಅರ್ಧ ಇಂಚಿನ ನಲ್ಲಿಯ ಲೆಕ್ಕದಲ್ಲಿ ಹೇಳಬೇಕಾದರೆ, ಒಂದು ಬಕೆಟ್ ತುಂಬಲು ಹತ್ತು ನಿಮಿಷಕ್ಕೂ ಹೆಚ್ಚು ಹಿಡಿಯುವಷ್ಟು ಸಣ್ಣಗೆ ನೀರು ಬಂದರೆ ಪೈಪಿನೊಳಗೆ ಶಾಂತಿ. ನಮ್ಮ ಬಡಾವಣೆಯಲ್ಲಿ ಬೇಸಿಗೆಯಿಡೀ ಪೈಪಿನೊಳಗೆ ಶಾಂತಿ, ಹೊರಗೆ ಕದನ.

ರೆನಾಲ್ಡ್ಸ್ ಬಹಳ ಜೋಪಾನವಾಗಿ, ತೊಟ್ಟಿಯ ನೀರನ್ನು ಗಂಟೆಗಟ್ಟಲೆ ನಿಲ್ಲಲು ಬಿಟ್ಟು ನೋಡಿದಾಗ, ಸುಮಾರು 12,000-13,000ದವರೆಗೂ ಎಳೆ ನೆಟ್ಟಗೇ ಇತ್ತಂತೆ. ಅವನ ಸಲಕರಣೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಇನ್ನೂ ಇದೆ. ನೂರು ವರ್ಷದ ಮೇಲೆ ಅದರಲ್ಲೇ ಮತ್ತೆ ಪ್ರಯೋಗ ಮಾಡಿದರೆ ಅಷ್ಟು ಎತ್ತರಕ್ಕೆ ಹೋಗಲು ಆಗಲಿಲ್ಲ. ಹೊರಗಿನ ರಸ್ತೆಯ ವಾಹನಗಳ ಅದುರಿಗೆ ನೀರು ಮೊದಲೇ ಕದಡಿಹೋಗುತ್ತಿತ್ತು. ಅದೇ ತೊಟ್ಟಿಯನ್ನು ತಂದು ಸಿಲ್ಕ್ ಬೋರ್ಡ್ ಜಂಕ್ಷನ್ನಿನಲ್ಲಿಟ್ಟರೆ ಏನಾದೀತು ಎಂಬುದು ಓದುಗರ ಊಹೆಗೆ ಬಿಟ್ಟದ್ದು.

ಮ್ಯಾಂಚೆಸ್ಟರಿನವರೆಗೆ ಹೋಗದೆಯೇ ಈ ಶಾಸ್ತ್ರವನ್ನು ಕರಗತ ಮಾಡಿಕೊಂಡವರು ಅಡುಗೆಮನೆಯಲ್ಲಿದ್ದಾರೆ. ಪಾಯಸ ಗಟ್ಟಿಯಾಗುತ್ತ ಬಂದಂತೆ ತಾನಾಗಿ ಕದಡುವ ಶಕ್ತಿ ಅದಕ್ಕೆ ಉಳಿಯುವುದಿಲ್ಲ. ತಳದ ಪದರ ತಳದಲ್ಲೇ ಕೂತು ಸೀಯುತ್ತದೆ. ಅದಕ್ಕೇ "ತಳ ಹಿಡೀತದೆ, ಕೈಯಾಡಿಸ್ತಿರೇ" ಎಂಬ ಕೂಗು. ಜಾಮು, ಐಸ್‌ಕ್ರೀಮುಗಳ ಕಾರ್ಖಾನೆಗಳಲ್ಲಿ ಕೊಳವೆಯ ಒಳಗೋಡೆಯನ್ನು ಸದಾ ಕೆರೆಯುತ್ತ ತಿರುಗುವ ಅಲಗಿನ ಯಂತ್ರಗಳಿವೆ. ಲಕ್ಷಾಂತರ ರೂಪಾಯಿ ಬೆಲೆಯ ಆ ಯಂತ್ರ ಮಾಡುವುದು ಸೌಟಿನ ಕೆಲಸವನ್ನೇ, ಗೊಣಗದೆ.

ಹಾಲಿನ ಡೇರಿಗೆ ಹೋದರೆ ಇನ್ನೂ ಚಂದದ ಉಪಾಯ ಕಾಣುತ್ತದೆ. ಹಾಲನ್ನು 72 ಡಿಗ್ರಿಗೆ ಕಾಯಿಸಿ 15 ಸೆಕೆಂಡು ಹಿಡಿದು ತಕ್ಷಣ ತಣಿಸಬೇಕು. ಅಲ್ಲಿ ಹಂಡೆಯಿಲ್ಲ. ಏರುತಗ್ಗಿನ ಗೆರೆ ಒತ್ತಿದ ತೆಳು ಸ್ಟೀಲ್ ತಗಡುಗಳನ್ನು ಪುಸ್ತಕದ ಹಾಳೆಗಳ ಹಾಗೆ ಜೋಡಿಸಿ ಬಿಗಿದಿರುತ್ತಾರೆ. ಒಂದು ಸಂದಿಯಲ್ಲಿ ಕಾದ ಹಾಲು, ಪಕ್ಕದ ಸಂದಿಯಲ್ಲಿ ಈಗ ತಾನೇ ಬಂದ ತಣ್ಣನೆಯ ಹಾಲು. ಹೊರಡುವ ಹಾಲು ಬರುವ ಹಾಲಿಗೆ ತನ್ನ ಕಾವು ಕೊಟ್ಟು ತಾನು ತಣ್ಣಗಾಗುತ್ತದೆ; ಬಾಯ್ಲರಿನಿಂದ ಬೇಕಾಗುವುದು ಕೊನೆಯ ಕೆಲವು ಡಿಗ್ರಿ ಮಾತ್ರ. ತಗಡಿನ ಗೆರೆಗಳು ಅಲಂಕಾರಕ್ಕಲ್ಲ, ಹಾಲು ಹೆಜ್ಜೆಹೆಜ್ಜೆಗೂ ಎಡವಿ ಗೋಡೆಯ ಪದರ ಒಡೆಯಲಿ ಎಂದು. ಗಮನಿಸಿ, ತಗಡು ಸ್ಟೀಲಿನದು, 15 ಅಂಕದ್ದು. ದೊಡ್ಡಪ್ಪನಿಗೆ ಇದನ್ನು ಹೇಳಲಿಲ್ಲ.

ಹಾಗಾದರೆ ಎಲ್ಲ ಕಡೆಯೂ ಜೋರಾಗಿ ನೀರು ನುಗ್ಗಿಸಿದರೆ ಮುಗಿಯಿತಲ್ಲ ಎನ್ನಬೇಡಿ. ಇಲ್ಲೇ ಇರುವುದು ನೋವು. ಕೊಳವೆಯಲ್ಲಿ ಕದಡಿ ಹರಿಯುವ ನೀರಿನ ವೇಗವನ್ನು ಎರಡು ಪಟ್ಟು ಮಾಡಿದರೆ ಗೋಡೆಯಿಂದ ಶಾಖ ಎತ್ತುವ ಶಕ್ತಿ ಒಂದೂಮುಕ್ಕಾಲು ಪಟ್ಟಾಗುತ್ತದೆ. ಪಂಪಿನ ಕರೆಂಟು ಮಾತ್ರ ಸುಮಾರು ಏಳು ಪಟ್ಟು! ಕಾರಣ ರೆನಾಲ್ಡ್ಸ್‌ನೇ 1874ರಲ್ಲಿ ಬಾಯ್ಲರುಗಳ ಬಗ್ಗೆ ಬರೆಯುವಾಗ ಸೂಚಿಸಿದ್ದ: ಗೋಡೆಯಿಂದ ಶಾಖ ಹೊತ್ತು ತರುವ ಸುರುಳಿಗಳೇ ಗೋಡೆಗೆ ಹರಿವಿನ ವೇಗವನ್ನೂ ಹೊತ್ತು ಕಳೆಯುತ್ತವೆ. ಲಾಭ ತರುವವನೂ ಖರ್ಚು ಮಾಡುವವನೂ ಒಬ್ಬನೇ. ಕಾರಿನ ರೇಡಿಯೇಟರಿನಿಂದ ಹಿಡಿದು ಕೈಗಾದ ಅಣು ವಿದ್ಯುತ್ ಸ್ಥಾವರದವರೆಗೆ ವಿನ್ಯಾಸಕಾರರ ಬದುಕೆಲ್ಲ ಈ ಚೌಕಾಸಿಯಲ್ಲೇ ಕಳೆಯುತ್ತದೆ. ಕೈಗಾದ ಒಂದೊಂದು ಘಟಕ 220 ಮೆಗಾವ್ಯಾಟ್ ವಿದ್ಯುತ್ ಕೊಡುವಾಗ ಅದರ ಎರಡು ಪಟ್ಟಿಗೂ ಹೆಚ್ಚು ಶಾಖವನ್ನು ಕಂಡೆನ್ಸರಿನ ಕೊಳವೆಗಳ ಮೂಲಕ ಕದ್ರಾ ಜಲಾಶಯದ ನೀರಿಗೆ ಒಪ್ಪಿಸಬೇಕು. ಅಲ್ಲಿ ಪದರ ಸ್ವಲ್ಪ ದಪ್ಪವಾದರೂ ಮೆಗಾವ್ಯಾಟಿನಲ್ಲಿ ದಂಡ ತೆರಬೇಕಾಗುತ್ತದೆ.

ಪದರ ಹಬೆಯದ್ದಾದರೆ ಕಥೆ ಇನ್ನೂ ಕೆಟ್ಟದು. ಕಾವಲಿಗೆ ನೀರು ಚಿಮುಕಿಸಿದಾಗ ಚುರ್ ಎಂದು ಆರಿದರೆ ದೋಸೆ ಹೊಯ್ಯಬಹುದು. ಹನಿಗಳು ಮುತ್ತಿನಂತೆ ಉರುಳಾಡತೊಡಗಿದರೆ ಕಾವಲಿ ಮಿತಿಮೀರಿ ಕಾದಿದೆ. ಹನಿ ತನ್ನದೇ ಹಬೆಯ ಮೇಲೆ ತೇಲುತ್ತಿರುತ್ತದೆ, ಲೋಹಕ್ಕೆ ತಾಗುವುದೇ ಇಲ್ಲ. ಜರ್ಮನಿಯ ವೈದ್ಯ ಲೈಡನ್‌ಫ್ರಾಸ್ಟ್ ಇದನ್ನು 1756ರಲ್ಲಿ ಕೆಂಪಗೆ ಕಾಸಿದ ಕಬ್ಬಿಣದ ಸೌಟಿನಲ್ಲಿ ನೋಡಿ ಬರೆದಿಟ್ಟ. ಕುಲುಮೆಯಲ್ಲಿ ಕಮ್ಮಾರ ಕೆಂಡದಂಥ ಕಬ್ಬಿಣವನ್ನು ನೀರಿಗೆ ಅದ್ದಿ ಸುಮ್ಮನಿರದೆ ಅತ್ತಿತ್ತ ಆಡಿಸುವುದು ಈ ಹಬೆಯ ಹೊದಿಕೆ ಹರಿಯಲಿ ಎಂದೇ. 1934ರಲ್ಲಿ ಜಪಾನಿನ ಶಿರೋ ನುಕಿಯಾಮಾ ನೀರಿನಲ್ಲಿ ಮುಳುಗಿಸಿದ ತಂತಿಗೆ ಕರೆಂಟು ಹೆಚ್ಚಿಸುತ್ತ ಹೋದಾಗ, ಒಂದು ಮಿತಿ ದಾಟಿದೊಡನೆ ತಂತಿಯ ಸುತ್ತ ಹಬೆ ಕವಿದು, ಸುತ್ತಲೂ ನೀರಿದ್ದರೂ ತಂತಿ ಕೆಂಪಗಾಯಿತು. ಕರಗುವ ಜಾತಿಯದು ತುಂಡಾಗಿಯೂ ಹೋಯಿತು. ಅಣು ರಿಯಾಕ್ಟರುಗಳಲ್ಲಿ ಇಂಧನದ ಸರಳಿಗೆ ಈ ಗತಿ ಬಾರದಂತೆ ಕಾಯುವುದೇ ದೊಡ್ಡ ಶಿಸ್ತು.

ಕೊನೆಗೆ ನಮ್ಮೆಲ್ಲರ ಮನೆಯ ಗೀಸರು. ಬೋರ್‌ವೆಲ್ ನೀರಿನ ಸುಣ್ಣಕ್ಕೆ ಒಂದು ವಿಚಿತ್ರ ಗುಣವಿದೆ. ಸಕ್ಕರೆ ಬಿಸಿನೀರಿನಲ್ಲಿ ಹೆಚ್ಚು ಕರಗುತ್ತದೆ, ಇದು ಬಿಸಿಯಾದಷ್ಟೂ ಕರಗಲಾರದೆ ಹೊರಬೀಳುತ್ತದೆ. ಹಾಗಾಗಿ ಎಲ್ಲಕ್ಕಿಂತ ಬಿಸಿಯಾದ ಜಾಗ ಹುಡುಕಿಕೊಂಡು ಹೋಗಿ ಕಾಯಿಲಿನ ಮೈಮೇಲೇ ಕಟ್ಟುತ್ತದೆ. ಅದರಿಂದ ಕರೆಂಟು ಬಿಲ್ಲು ಏರುತ್ತದೆಂದು ರಿಪೇರಿಯವರು ಹೆದರಿಸುತ್ತಾರೆ. ಆ ಭಯ ಅಷ್ಟು ಬೇಡ. ಕಾಯಿಲಿನ ಶಾಖಕ್ಕೆ ನೀರು ಬಿಟ್ಟರೆ ಹೋಗಲು ಬೇರೆ ಜಾಗವಿಲ್ಲ, ಹೇಗಾದರೂ ನೀರಿಗೇ ಬರುತ್ತದೆ. ಕೆಡುವುದು ಕಾಯಿಲು. 2,000 ವ್ಯಾಟಿನ, 300 ಚದರ ಸೆಂಟಿಮೀಟರ್ ಮೈಯ ಕಾಯಿಲಿನ ಮೇಲೆ ಎರಡು ಮಿಲಿಮೀಟರ್ ಸುಣ್ಣ ಕಟ್ಟಿತೆಂದರೆ, ಆ ಸುಣ್ಣ ದಾಟುವುದಕ್ಕೇ ಸುಮಾರು 65 ಡಿಗ್ರಿ ಹೆಚ್ಚಿನ ಕಾವು ಬೇಕು. ಅಷ್ಟು ಕಾವನ್ನು ದಿನಾ ತಡೆದು ತಡೆದು ಒಂದು ದಿನ, ಸಾಮಾನ್ಯವಾಗಿ ನೆಂಟರು ಬಂದ ದಿನ, ಕಾಯಿಲು ಸುಟ್ಟುಹೋಗುತ್ತದೆ. ಗಡಸು ನೀರಿನ ಮನೆಯವರು ಗೀಸರಿನ ಗುಂಡಿಯನ್ನು 60 ಡಿಗ್ರಿಯಿಂದ ಮೇಲೆ ತಿರುಗಿಸಬೇಡಿ, ವರ್ಷಕ್ಕೊಮ್ಮೆ ಕಾಯಿಲು ಬಿಚ್ಚಿಸಿ ಸುಣ್ಣ ತೆಗೆಸಿ. ಕಾಯಿಲು ಬದಲಿಸಲು ಬಂದವನು "ಇದು ತಾಮ್ರದ್ದು ಸಾರ್, ಬೇಗ ಕಾಯ್ತದೆ" ಎಂದು ಹೆಚ್ಚಿಗೆ ದುಡ್ಡು ಕೇಳಿದರೆ ಕೊಡಬೇಡಿ.